ಹೊಟ್ಟಿ ತುಂಬಿದ ಸೊನ್ನಿ

ಬ್ಯಾಡಗಿ ಪ್ಯಾಟ್ಯಾಗ ಪ್ರಿಂಟರಿಗೂ ಸೀನು ಬರ್ತಾವ.
ನಗಬ್ಯಾಡ್ರಿ. ಹನ್ನೊಂದು ವರ್ಷ ಆತು
ಈ ದಲಾಲಿ ಅಂಗಡಿಗೋಳ ಮಷಿನ್ ಬಿಚ್ಚಾಕತ್ತು,
ಕರೀ ಪುಡಿ ಝಾಡಿಸಿದ್ರ ಕೆಂಪು ಪುಡಿನೂ ಬೀಳತೈತಿ.

ಅವತ್ತ ಸೋಮವಾರ, ಟೆಂಡರ್ ದಿನ.
ಪಟ್ಟಣಶೆಟ್ಟರ ಗಾದಿ ಮುಂದ ಕಲ್ಲವ್ವ ನಿಂತಿದ್ಲು,
ಕೈಯಾಗ ನಾಕು ಮಡಿಕಿ ಮಾಡಿದ ಲೆಕ್ಕಪಟ್ಟಿ.
"ನಾ ಅಗಡಿ ಅದೀನ್ರಿ. ಬ್ಯಾಂಕಿನ್ಯಾಗ ಅಂಗಡಿ ಅಂತಾರ.
ಎರಡು ಸಲ ಹೊಳ್ಳಿ ಕಳಿಸಿದ್ರು.
ಅಂಗಡಿ ಅಂದ್ರ ಅಂಗಡೀನರ ಕೊಡ್ರಿ,
ಇಲ್ಲಾ ಸೊನ್ನಿ ತಗೀರಿ."

ಹಾಳಿ ಬೆಳಕಿಗೆ ಹಿಡಿದೆ.
ಅ ಆದ ಮ್ಯಾಲೆ, ಗ ಬರೂಕಿಂತ ಮೊದಲ,
ಒಂದು ಚುಕ್ಕಿ. ನಡುವ ಬಿಳಿ ಇಲ್ಲ,
ಹೊಟ್ಟಿ ತುಂಬಿದ ಸೊನ್ನಿ.
ಚಷ್ಮಾದ ಕ್ಲಾರ್ಕಗ ಅಷ್ಟ ಸಾಕು.

ಗುಮಾಸ್ತ ಅಂದ, ಟೋನರ್ ಮೊನ್ನೆ ಹಾಕೇನಿ, ಪುಡಿ ಹೊಸಾದು.
ಪುಡೀದಲ್ಲ ತಪ್ಪು. ಸ್ಕೇಲ್ ಕೊಡ್ರಿ ಅಂದೆ.
ಚುಕ್ಕಿಯಿಂದ ಕೆಳಗಿನ ಚುಕ್ಕಿಗೆ ತೊಂಬತ್ನಾಕು ಮಿಲ್ಲಿಮೀಟರ್.
ಅದರ ಕೆಳಗ ಮತ್ತ, ತೊಂಬತ್ನಾಕು.
ಡ್ರಮ್ಮಿನ ಸುತ್ತಳತಿ ಅದು.
ಒಂದು ಹಾಳ್ಯಾಗ ತಾರೀಖಿನ ಮ್ಯಾಲೆ, ಒಂದರಾಗ ತೂಕದ ಮ್ಯಾಲೆ,
ಜಾಗ ಬದಲಾಗತೈತಿ, ಅಂತರ ಬದಲಾಗೂದಿಲ್ಲ.
ಚಕ್ಕಡಿ ಗಾಲಿ ಪಟ್ಟಿಗೆ ಒಂದು ಮೊಳಿ ಎದ್ದಿದ್ರ
ದಾರಿ ತುಂಬ ಗುರ್ತು ಮೂಡತೈತಲ್ಲ, ಹಂಗ.

ಕಿಡಕಿ ಮುಚ್ಚಿಸಿದೆ. ಡ್ರಮ್ ಬೆಳಕು ನೋಡಬಾರದು,
ಐದು ದಿನದ ಕೂಸಿನಂಗ ಮುಸುಕಿನ್ಯಾಗ ಇರಬೇಕು.
ಕಲ್ಲವ್ವ ಯಾರೂ ಹೇಳದ
ತನ್ನ ಸೆರಗ ಅಡ್ಡ ಹಿಡಿದ್ಲು.

ಮೊದಲ ತಂತಿ. ಹಸರ ಗುಂಡಿ ಹಿಡಿದು
ಅತ್ತಿಂದಿತ್ತ ಹತ್ತು ಸಲ ಎಳದೆ,
ಕೂದಲಕ್ಕಿಂತ ಸಣ್ಣ ತಂತಿ.
ನಮ್ಮಪ್ಪಂದೂ ತಂತಿ ಕೆಲಸನ. ನಾವು ನದಾಫರು.
ಹತ್ತಿ ಹಿಂಜೂ ಬಿಲ್ಲು ಹೆಗಲಿಗೆ ಹಾಕ್ಕೊಂಡು
ಮೋಟೆಬೆನ್ನೂರು, ಕಾಗಿನೆಲಿ, ಓಣಿ ಓಣಿ ತಿರಗತಿದ್ದ.
ಅವನ ತಂತಿ ಎರಡು ಓಣಿ ಆಚೆ ಕೇಳತಿತ್ತು, ಝೇಂಯ್ ಝೇಂಯ್.
ನಂದು, ಉಸಿರು ಹಿಡಿದ್ರ ಮಾತ್ರ.
ಹತ್ತಿ ಇನ್ನೂ ಅವಂದ. ಡ್ರಮ್ ಒರಸಾಕ
ಅದಕ್ಕಿಂತ ಮೆತ್ತಂದು ಪ್ಯಾಟ್ಯಾಗ ಸಿಗೂದಿಲ್ಲ.

ರೋಲರಿನ ಬುಡಕ ಅಡಗಿತ್ತು,
ಒಂದು ಮೆಣಸಿನಕಾಯಿ ಬೀಜ.
ಬ್ಯಾಡಗಿ ಕಾಯ್ಯಾಗ ಬೀಜ ಕಡಿಮಿ ಅಂತಾರ.
ಇದ್ದದ್ದೊಂದು ಇಲ್ಲಿಗೆ ಬಂದಿತ್ತು.
ತಗದೆ. ಒರಸಿದೆ. ಗಾಯ ಉಳೀತು.

"ಬೀಜ ಹೋತಲ್ಲಪಾ ಹಜರತ್, ಇನ್ನೇನು?"
ಶೆಟ್ರ, ನಿಮ್ಮ ಹುಬ್ಬಿನ ಮ್ಯಾಲೆ ಕಲೆ ಐತಿ,
ಆ ಕಲ್ಲು ಈಗ ಎಲ್ಲೈತಿ?
ಅವರು ಹುಬ್ಬು ಮುಟ್ಟಿಕೊಂಡ್ರು.
ಹೊಸ ಡ್ರಮ್ಮಿನ ರೇಟು ಕೇಳಿ ಕೈ ತಗದ್ರು.

ಒಪ್ಪಿಸಾಕ ಎರಡು ಚಾ ಬೇಕಾತು,
ನಡುವ ಒಂದು ಕರೆಂಟ್ ಹೋತು, ಬಂತು.
ಹೊಸಾದು ಕುಂಡರಿಸಿ, ಬಾಗಲಾ ತಗದು, ಬಟನ್ ಒತ್ತಿ ಹಿಡಿದು
ಎಣಿಕಿ ಸೊನ್ನಿಗೆ ತಂದೆ.
ಇದೊಂದು ಸೊನ್ನಿ ಬೇಕಾದ್ದು.

ಹಾಳಿ ಬಂತು, ರೊಟ್ಟಿಯಂಗ ಬಿಸಿ.
ಕಲ್ಲವ್ವಗ ಓದಾಕ ಬರೂದಿಲ್ಲ. ನಾ ತೋರಿಸಿದ ಜಾಗಕ್ಕ
ಹೆಬ್ಬಟ್ಟು ಇಟ್ಟು ಮೆಲ್ಲಕ ಸರಿಸಿದ್ಲು.
"ಇಲ್ಲೇನೂ ಇಲ್ಲಲ್ಲ?"
"ಏನೂ ಇಲ್ಲಬೇ ಯವ್ವಾ."
ಈ ಸಲ ಮಡಚಲಿಲ್ಲ. ಎರಡೂ ಕೈಲೆ ಅಗಲಕ ಹಿಡಕೊಂಡು
ಟೆಂಪೋಗಳ ನಡುವ ದಾರಿ ಮಾಡ್ಕೊಂಡು ಹೋದ್ಲು.

ಹಳೇ ಡ್ರಮ್ ಹೊರಗ ತಂದೆ.
ಇನ್ನ ಬೆಳಕು ಬಿದ್ರೂ ನಡೀತೈತಿ.
ಬೀಡಿ ಹಚ್ಚಾಕಂತ ಅದನ್ನ
ಒಣಗಾಕ ಹಾಕಿದ ಕಾಯಿ ರಾಶಿ ಮ್ಯಾಲೆ ಇಟ್ಟೆ.
ಅಷ್ಟು ಕೆಂಪಿನ ಮ್ಯಾಲೆ, ಬಿಸಲಿಗೆ,
ಹಸರಗೆ ಹೊಳೀತು, ಎಂದೂ ನೋಡಿರಲಿಲ್ಲ ನಾ ಹಂಗ.
ಚೀಲ ಹೊತ್ತ ಹಮಾಲ ನಿಂತು ಕೇಳಿದ,
"ಏನೋ ಅದು, ಹಸೀಕಾಯೇನು?"