ಎಮ್ಲಿನ್‌ನ ಎರಡನೇ ಗಣಿ

ಬೆಳಿಗ್ಗೆ ಏಳೂಕಾಲಕ್ಕೆ ಬೀಗ ತೆಗೆದು ಒಳಗೆ ಬಂದರೆ
ಟ್ರಿಯಾರ್ಕಿಯ ಆ ಸಾಲುಮನೆಯಲ್ಲಿ ಪರದೆ ಇನ್ನೂ ಸರಿಸಿಲ್ಲ,
ಮುದುಕ ಆಗಲೇ ಪಾಳಿಗೆ ಇಳಿದಿದ್ದಾನೆ.
ಮೂಗಿಗೆ ಆಕ್ಸಿಜನ್ನಿನ ನಳಿಗೆ,
ತೊಡೆಯ ಮೇಲೆ ಟೀ ಕಲೆಯ ಕಂಬಳಿ,
ಎದುರಿಗೆ ಕಂಪ್ಯೂಟರಿನ ಬೆಳಕಲ್ಲಿ
ಗೇಣುದ್ದದ ಗಡ್ಡದ ಕುಳ್ಳನೊಬ್ಬ
ಠಣ್ ಠಣ್ ಬಂಡೆ ಒಡೆಯುತ್ತಾನೆ.

‘ಮಾತಾಡಿಸಬೇಡ, ಎಳೆ ಸಿಕ್ಕಿದೆ.’

ನಾನು ಮಾತ್ರೆ ಎಣಿಸುತ್ತೇನೆ, ಓಟ್ಸ್ ಗಂಜಿಗೆ ನೀರಿಡುತ್ತೇನೆ.
ಅವನು ಅದಿರು ಎಣಿಸುತ್ತಾನೆ:
ನೂರು ಗಟ್ಟಿಗೆ ನಾಲ್ಕು ಪೌಂಡು.
ಕೊಳ್ಳುವವನು ಒಹಾಯೋದ ಹಲ್ಲಿನ ಡಾಕ್ಟರಂತೆ,
ಕತ್ತಿ ಮಾಡಿಸಲು ಅವಸರ, ಅಗೆಯಲು ಪುರುಸೊತ್ತಿಲ್ಲ.
ಇಲ್ಲದ ಬಂಡೆ, ಇಲ್ಲದ ಗುದ್ದಲಿ, ಇಲ್ಲದ ಕತ್ತಿ,
ದುಡ್ಡು ಮಾತ್ರ ಇದೆ.
ಅಡುಗೆಮನೆಯ ಮೀಟರಿಗೆ ಅದನ್ನೇ ಉಣಿಸುತ್ತಾನೆ,
ಚಳಿಗಾಲದಲ್ಲಿ ದಿನಕ್ಕೆ ಇನ್ನೂರು ಗಟ್ಟಿ.

ಹೀಗೆ ಮಾರುವುದು ಆಟದ ಕಾನೂನಿಗೆ ಕಳ್ಳತನ.
‘ಸ್ಟ್ರೈಕಿನ ವರ್ಷ ಬೂದಿಗುಡ್ಡೆ ಕೆದಕಿ
ತಳ್ಳುಗಾಡಿಯಲ್ಲಿ ಕಲ್ಲಿದ್ದಲು ತಂದೆವಲ್ಲ,
ಅದೂ ಕಳ್ಳತನವೇ. ಬೆಂಕಿಗೇನು ಗೊತ್ತು?’

ನಾನೂ ಹೇಳಿದೆ ನಮ್ಮ ತಾತನ ಕತೆ.
ಚಾಂಪಿಯನ್ ರೀಫಿನ ಹೊಟ್ಟೆಯೊಳಕ್ಕೆ
ಮೂವತ್ತೊಂದು ವರ್ಷ ಇಳಿದು ಹತ್ತಿದವನು,
ಬರುವಾಗ ಕೌಪೀನವನ್ನೂ ಜಾಡಿಸಿ ನೋಡುತ್ತಿದ್ದರಂತೆ.
ಅಜ್ಜಿ ಮುನಿಯಮ್ಮನ ಕಿವಿತೂತಿನಲ್ಲಿ ಕೊನೆತನಕ
ಬೇವಿನ ಕಡ್ಡಿ.
‘ಗುಡ್ಡ ಅಗೆದು ಇಲಿ ಹಿಡಿದರು ಅನ್ನುತ್ತಾರೆ ನಮ್ಮಲ್ಲಿ.’

ಎಮ್ಲಿನ್ ಕುಳ್ಳನನ್ನು ನಿಲ್ಲಿಸಿದ.
‘ಇಲಿ ಅಂದರೆ ಕಡಿಮೆಯೇ? ಕೆಳಗೆ ಇಲಿ ಓಡಾಡುತ್ತಿದ್ದರೆ
ಗಾಳಿ ಇದೆ ಅಂತ ಅರ್ಥ.
ಇಲಿ ಕಾಣದ ದಿನ ನಾವು ಹೆದರುತ್ತಿದ್ದೆವು.’

ಫೆಬ್ರವರಿಯ ಒಂದು ಗುರುವಾರ
ಕಂಪನಿಯವರು ಏನೋ ತಿರುವಿದರು;
ದಾರಿ ಬದಿಯಲ್ಲೆಲ್ಲ ಅದಿರು ಗರಿಕೆಯಂತೆ ಚಿಗುರಿತು.
ನೂರು ಗಟ್ಟಿಗೆ ಇಪ್ಪತ್ತು ಪೆನ್ಸು.
‘ಮತ್ತೆ ಮುಚ್ಚಿದರು ನೋಡು’ ಅಂದ. ‘ಈ ಸಲ
ಪೊಲೀಸರ ಕುದುರೆ ಬರಲಿಲ್ಲ, ಅಷ್ಟೇ.’
ನಗು ಕೆಮ್ಮಾಗಿ ತಿರುಗಿತು. ಬೆನ್ನು ನೀವುತ್ತ
ಗಡಿಯಾರ ನೋಡಿದೆ, ಏಳು ನಿಮಿಷ.

ಮರುದಿನ ಕುಳ್ಳ ಅಗೆಯುತ್ತಿರಲಿಲ್ಲ.
ಗಣಿಯ ಬಾಯಲ್ಲಿ ಬೆಂಕಿ ಹಾಕಿ ಕೂತಿದ್ದ,
ಸುತ್ತ ಇನ್ನೂ ಹದಿನಾರು ಜನ:
ಮನಿಲಾದವರು, ಕರಾಕಸ್‌ನವರು, ಎಲ್ಲಿಯವರೋ,
ಅವರ ಮೀಟರುಗಳೂ ಎಲ್ಲೋ ಹಸಿದಿದ್ದವು.
ನಾಲ್ಕು ದಿನ ಕೂತರು.
ಹಲ್ಲಿನ ಡಾಕ್ಟರು ಬಂದು ಕೇಳಿದ, ಅಂಗಡಿ ತೆರೆಯುವುದಿಲ್ಲವೇ?
ಐದನೇ ದಿನ ಕಂಪನಿ ಹೊಸ ಡ್ರ್ಯಾಗನ್ ಬಿಟ್ಟಿತು,
ಜನ ಅದನ್ನು ನೋಡಲು ಓಡಿದರು.

ಆ ಶುಕ್ರವಾರ ಮೀಟರಿನಲ್ಲಿ ಉಳಿದದ್ದು
ತೊಂಬತ್ತು ಪೆನ್ಸು. ಏಜೆನ್ಸಿಯ ನಿಯಮ ಮೀರಿ
ಹತ್ತು ಪೌಂಡು ಹಾಕಿದೆ, ಹೇಳಲಿಲ್ಲ.
ಗಣಿಯವನ ಕಣ್ಣು, ಕತ್ತಲಲ್ಲೇ ಅಂಕಿ ಓದಿದ್ದಾನೆ.

ಸೋಮವಾರ ಕರೆದ, ‘ಬಾ ಇಲ್ಲಿ.’
ಪರದೆಯಲ್ಲಿ ಹೊಸದೊಂದು ಕುಳ್ಳಿ, ಸೊಂಟಕ್ಕೆ ಕೈ ಕೊಟ್ಟು ನಿಂತವಳು.
ತಲೆಯ ಮೇಲೆ ತಪ್ಪು ಕಾಗುಣಿತದಲ್ಲಿ ಹೆಸರು: ಮುನ್ಯಾಮ.
ಎರಡು ಕಿವಿಗೂ ಓಲೆ, ಕೆಂಡದಷ್ಟು ಕೆಂಪು ಚಿನ್ನ.

‘ಎಷ್ಟಕ್ಕೆ ಹೋಗುತ್ತೆ?’ ಬಾಯಿ ತಪ್ಪಿ ಕೇಳಿಬಿಟ್ಟೆ.

‘ಹೋಗೋದಿಲ್ಲ. ಈ ಜಾತಿಯ ಒಡವೆ
ತೊಟ್ಟವರ ಮೈಗೇ ಅಂಟಿಕೊಳ್ಳುತ್ತೆ,
ಬಿಚ್ಚೋಕಾಗಲ್ಲ, ಮಾರೋಕಾಗಲ್ಲ, ಯಾರೂ ಕಸಿಯೋಕಾಗಲ್ಲ.
ದಡ್ಡ ವ್ಯಾಪಾರ.’

ಕುಳ್ಳಿ ತಲೆ ಅಲ್ಲಾಡಿಸಿದಳು,
ಓಲೆ ತೂಗಿದವು, ಸದ್ದಿಲ್ಲ, ಸ್ಪೀಕರು ಕೆಟ್ಟಿತ್ತು.
ಒಳಗೆ ಒಲೆಯ ಮೇಲೆ
ಗಂಜಿ ಉಕ್ಕಿ ಹರಿಯುತ್ತಿತ್ತು.