ದಾರಕ್ಕೆ ಬಂದದ್ದು

ಒಂದು, ಎರಡು, ಮೂರು, ನಾಲ್ಕು:
ಬಾಯಿ ಇಳಿಜಾರಿಗೆ ಬಿಟ್ಟ ಬಂಡಿ,
ಬೆರಳು ಹಿಂದೆ ಓಡಿಬರುವ ನಾಯಿಮರಿ.
ತಟ್ಟೆಯಲ್ಲಿರುವುದು ಏಳು ಅಕ್ರೋಟು ತಿರುಳು.
ತೇಕ್ಲೆಯ ಲೆಕ್ಕದಲ್ಲಿ ಒಮ್ಮೆ ಹತ್ತು, ಒಮ್ಮೆ ಐದು,
ಕಿಟಕಿಯಾಚೆ ಬೆಕ್ಕು ಹಾದುಹೋದಾಗ
ಹನ್ನೊಂದು.

ಕೆಲವನ್ನು ಎರಡೆರಡು ಸಲ ಮುಟ್ಟಿದಳು.
ಅಂಚಿನದೊಂದು, ಪಾಪ,
ಆಟಕ್ಕುಂಟು, ಲೆಕ್ಕಕ್ಕಿಲ್ಲ.

"ಸರಿಯಾಗಿ ಎಣಿಸು" ಎಂದೆ,
ಸರಿ ಅಂದರೆ ಹೇಗೆಂದು
ನಾಲ್ಕು ವರ್ಷದವಳಿಗೆ ಹೇಳದೆಯೇ.
ಅವಳು ಇನ್ನಷ್ಟು ಜೋರಾಗಿ ಎಣಿಸಿದಳು.

ನಾನು ಗುರ್ಜಾನಿಯ ವೈನ್ ಕಾರ್ಖಾನೆಯಲ್ಲಿ
ಮೂವತ್ತೆರಡು ವರ್ಷ ಬಾಟಲಿ ಎಣಿಸಿದವನು.
ಹೋಗುವ ಲಾರಿ, ಬರುವ ಲಾರಿ, ಖಾಲಿ ಕ್ರೇಟು,
ಹಿಮ ಬಿದ್ದ ಬೆಳಗಿನಲ್ಲಿ ಮರಗಟ್ಟಿದ ಪೆನ್ನು.
"ಗಿವಿ ಲೆಕ್ಕ ಬರೆದರೆ
ದೇವರೂ ಕೆಳಗೆ ರುಜು ಹಾಕಿಯಾನು" ಅನ್ನುತ್ತಿದ್ದರು.
ಅಂಥವನ ಬೆವರಿಳಿಸಲು
ಏಳು ತಿರುಳು ಸಾಕಾಯಿತು.

"ಎಷ್ಟಿವೆ?" ಅಂದರೆ
ಮತ್ತೆ ಒಂದರಿಂದ ಶುರು.
ಕೊನೆಗೆ ಬಾಯಿಗೆ ಬಂದದ್ದೇ ಉತ್ತರವೆಂದು
ಯಾರೂ ಅವಳಿಗೆ ಹೇಳಿಲ್ಲ.
ಎಣಿಕೆ ಅವಳಿಗೊಂದು ಹಾಡು.
ಹಾಡು ಮುಗಿದ ಮೇಲೆ ಎಷ್ಟು ಎಂದು ಕೇಳುವವನು
ಯಾವ ಸೀಮೆಯ ಮನುಷ್ಯ?

ಅಂಗಳದ ಕಡಾಯಿಯಲ್ಲಿ ದ್ರಾಕ್ಷಿರಸ
ಹಿಟ್ಟು ಕೂಡಿ, ಗಟ್ಟಿಯಾಗಿ, ಗುಳುಗುಳು ಉಸಿರಾಡುತ್ತಿದೆ.
ಅದರಲ್ಲಿ ಅದ್ದಿ, ಸೂರಿನಡಿ ಮೇಣದಬತ್ತಿಗಳ ಹಾಗೆ
ತೂಗುಹಾಕುವ ಸರಗಳಿಗೆ
ನೀರಲ್ಲಿ ನೆನೆದ ತಿರುಳು ಪೋಣಿಸುತ್ತಿದ್ದ ತ್ಸಿಯಾಲಾ
ತಲೆಯೆತ್ತದೆ ಅಂದಳು:
"ಸೂಜಿ ಕೊಡು ಅವಳಿಗೆ."

ಚುಚ್ಚಿಕೊಂಡರೆ?

"ಚುಚ್ಚಿಕೊಂಡರೆ ಒಂದು ಸಲ.
ನೀನು ಬೆಳಗಿನಿಂದ ಚುಚ್ಚುತ್ತಲೇ ಇದ್ದೀಯ."

ಒಂದು.
ಮೊನೆ ತಿರುಳಿಗಿಳಿದು ತಡೆಯಿತು.
ನಾಲಿಗೆ ತುಟಿಯಂಚಿಗೆ ಬಂತು.
ಕೈ ತಿರುಗಿತು, ಉಸಿರು ನಿಂತಿತು,
ಸರ್ರನೆ ಜಾರಿತು ದಾರದ ಬುಡಕ್ಕೆ.
ಎರಡು.
ಒಂದಕ್ಕೂ ಎರಡಕ್ಕೂ ನಡುವೆ
ಇವತ್ತೇ ಮೊದಲು ಇಷ್ಟು ಜಾಗ.
ಪೋಣಿಸಿದ್ದು ತಟ್ಟೆಗೆ ಮರಳದು,
ತಟ್ಟೆಯದು ತಾನಾಗಿ ದಾರಕ್ಕೆ ಬಾರದು.
ಬಾಯಿ ಕಾಯುತ್ತಿದೆ,
ಬೆರಳು ಮುಗಿಸಲೆಂದು.

ಆಗ ನೆನಪಾಯಿತು ಕಚೇರಿಯ ಮೇಜಿನ ಮೇಲಿದ್ದ
ಮರದ ಮಣಿಚೌಕಟ್ಟು.
ತಂತಿಯ ಮೇಲೆ ಒಂದೊಂದೇ ಮಣಿ ಆಚೆಗೆ, ಟಕ್, ಆಚೆಗೆ.
ಮೂವತ್ತೆರಡು ವರ್ಷ ನನ್ನ ಬುದ್ಧಿ ಎಂದುಕೊಂಡದ್ದು
ಸರಿಸುವ ಬೆರಳಿನ ಬುದ್ಧಿ.
ಎಣಿಸಿದ್ದನ್ನು ಇತ್ತ ಇಡು ಮಗಳೇ,
ಅಷ್ಟೇ ಹೇಳಬೇಕಿತ್ತು.

ನಾಲ್ಕು. ಐದು. ಆರು.
ಏಳು ಬರಲಿಲ್ಲ.
ತಟ್ಟೆ ಖಾಲಿ. ನೋಡಿದರೆ
ಒಂದು ಕೆನ್ನೆ ಉಬ್ಬಿದೆ.

"ಎಷ್ಟು, ತೇಕ್ಲೆ?"
ಒಂದರಿಂದ ಶುರುಮಾಡಲಿಲ್ಲ.
ಸರ ಎತ್ತಿ ಹಿಡಿದಳು, ಹಿಡಿದ ಮೀನಿನ ಹಾಗೆ:
"ಆರು."
ಜಗಿಯುತ್ತ, ಮತ್ತೆ:
"ಅಜ್ಜಾ, ತಿಂದದ್ದನ್ನೂ ಎಣಿಸಬೇಕಾ?"

ನಿರ್ದೇಶಕರ ಮನೆಯ ಔತಣಗಳಿಗೆ
ಹಿಂಬಾಗಿಲಿನಿಂದ ಹೋದ ಕ್ರೇಟುಗಳ ಎದುರು
ನಾನು ಬರೆಯುತ್ತಿದ್ದ ಮಾತು, ಒಡೆದದ್ದು.
ನೀಲಿ ಶಾಯಿ, ದುಂಡು ಅಕ್ಷರ.
ಒಂದು ಚೂರು ಗಾಜೂ ಬಿದ್ದಿರಲಿಲ್ಲ ನೆಲದ ಮೇಲೆ.
ಮೊತ್ತ ಮಾತ್ರ
ಒಂದು ವರ್ಷವೂ ತಪ್ಪಲಿಲ್ಲ.

"ಎಣಿಸಬೇಕು" ಎಂದೆ.
ಗಂಟಲಲ್ಲಿ ಏನೋ ಸಿಕ್ಕಿತು.
"ದಾರದ್ದು ಬೇರೆ, ತಿಂದದ್ದು ಬೇರೆ.
ಎಣಿಸಬೇಕು, ಆದರೆ."

ಕೆನ್ನೆಯ ಉಬ್ಬಿನ ಮೇಲೆ
ಅಂಟಂಟು ಬೆರಳಿಟ್ಟು
ಅವಳು ಮೆಲ್ಲಗೆ ಅಂದಳು:
ಒಂದು.

ತ್ಸಿಯಾಲಾ ಸರ ಇಸಿದುಕೊಂಡು
ಕಡಾಯಿಗೆ ಇಳಿಬಿಟ್ಟಳು.