ಕರಡು ತಿದ್ದುವಾಕಿ ಗುಡ್ಡಕ್ಕ ಹೋದದ್ದು

ಏಳು ಮಂದಿ ನಾವು. ಡೋಣಿಯೊಳಗ ಬಸ್ಸಿಳಿದಾಗ
ಚಹಾದಂಗಡಿಯ ಒಲಿ ಇನ್ನೂ ಹೊತ್ತಿರಲಿಲ್ಲ.
ತಲಿಗೆ ಇನ್ನೂರು ರೂಪಾಯಿ, ಅದರೊಳಗಽ ಉಪ್ಪಿಟ್ಟು.
ಕರಪತ್ರ ಅಚ್ಚಾಗಿದ್ದು ಗದಗಿನ ನಮ್ಮ ಪ್ರೆಸ್ಸಿನಾಗ;
'ದಟ್ಟ ಅರಣ್ಯದಲ್ಲಿ ಮಾರ್ಗದರ್ಶಿಯೊಂದಿಗೆ ಚಾರಣ'
ಅಂತ ಎರಡು ಸಲ ಓದಿ, ಒಂದು ಒತ್ತು ಸರಿ ಮಾಡಿ
ಮಿಷನ್ನಿಗೆ ಬಿಟ್ಟಾಕಿ ನಾನಽ.

ದಟ್ಟ ಎಲ್ಲಿ? ಕಾಡು ಮೊಣಕಾಲಿಗೆ ಬರತಿತ್ತು.
ಆಷಾಢದ ಜಿಟಿಜಿಟಿ. ಕಪ್ಪತಗುಡ್ಡದ ನೆತ್ತಿ ಮಂಜಿನಾಗ.
ಗಾಳಿಯಂತ್ರದ ರೆಕ್ಕಿ ಕಾಣವಲ್ದು,
ಬೀಸೋ ಸಪ್ಪಳ ಅಷ್ಟಽ,
ಯಾರೋ ಅಟ್ಟದಾಗ ಕೌದಿ ಝಾಡಿಸಿದಂಗ.

ಮುಂದ ಹುಲಿಗೆವ್ವ ತಳವಾರ.
ಸೀರಿ ಮ್ಯಾಲೆ ಇಲಾಖೆಯ ಖಾಕಿ ಅಂಗಿ,
ಗಂಡಸರ ಅಳತಿದು, ತೋಳು ನಾಕು ಮಡಿಕಿ.
ದಿನಗೂಲಿ; ಹನ್ನೊಂದು ವರ್ಷ ಆತಂತ.
"ಸಾಲು ಬಿಡಬ್ಯಾಡ್ರಿ. ನಾ ನಿಂತರ ನಿಂದರ್ರಿ.
ಕಾರಣ ಕೇಳಬ್ಯಾಡ್ರಿ."

ಒಮ್ಮೆ ನಿಂತಳು. ನಾವೂ.
ಮುಳಗುಂದದ ಅಕ್ಕಸಾಲಿ ಮೌನೇಶಣ್ಣ
ಉಸಿರು ಬಿಗಿಹಿಡಿದು "ತೋಳ" ಅಂದ.
ಆಕಿ ಚಪ್ಪಲ್ಯಾಗಿನ ಮುಳ್ಳು ಕಿತ್ತೊಗೆದು
ಮತ್ತ ನಡದಳು.

ಬಂದರಿ, ಲಕ್ಕಿ, ತಂಗಡಿ,
ಎಲಿ ಹಿಚುಕಿ ಮೊದಲು ನಮ್ಮ ಮೂಗಿಗೆ ಹಿಡಿಯೂದು,
ಹೆಸರು ಆಮ್ಯಾಲೆ.
ಕಾಶಿಹುಲ್ಲಿನ ಲಿಂಬಿ ವಾಸನಿ ಹತ್ತಿ
ನರ್ಸು ಜುಬೇದಾ ಬೆರಳು ಮೂಸತ ಮೂಸತ
ಎರಡು ಸಲ ಸಾಲಿನಿಂದ ಹಿಂದ ಉಳದಳು.

ಇಳಿಜಾರಿನಾಗ ಒಂದು ತಗಡಿನ ಬೋರ್ಡು,
ಹಸಿರು ಬಣ್ಣ, ಬಿಳಿ ಅಕ್ಷರ: 'ಮದುನಾಶಿನಿ'.
ಹದಿನಾರು ವರ್ಷದ ಚಟ, ಕೈ ಸುಮ್ಮನಿರಲಿಲ್ಲ.
ಪೆನ್ನು ತಗದು, ದಕಾರದ ಹೊಟ್ಟಿ ಸೀಳಿ
ಧಕಾರ ಮಾಡಿದೆ.
ಮಂದಿ ನಕ್ಕರು. ನನಗ ಒಂದೀಟು ಹೆಮ್ಮಿನೂ ಆತು.

ಹುಲಿಗೆವ್ವ ಬೋರ್ಡ್ ನೋಡಿದಳು, ನನ್ನ ನೋಡಿದಳು.
"ಅಕ್ಷರ ಸರಿ ಆತ್ರಿ ಬಾಯಾರ. ಗಿಡ ಇದಲ್ಲ.
ಇದು ಸೊಗದಿ.
ಬೋರ್ಡು ಹುಗಿಯಾಕ ಬಂದವರಿಗೆ
ನೆಲ ಇಲ್ಲೆ ಮೆತ್ತಗ ಸಿಕ್ಕಿತು."

ಹದಿನಾಕು ಹೆಜ್ಜಿ ಮ್ಯಾಲೆ, ಕಾರಿ ಕಂಟಿ ತಬ್ಬಿಕೊಂಡು
ಹೆಸರಿಲ್ಲದ ಒಂದು ಬಳ್ಳಿ.
ಎಣಿಸಿ ಏಳಽ ಎಲಿ ಹರದು ಕೊಟ್ಟಳು. "ಅಗೀರಿ."
ಆಮ್ಯಾಲೆ ಕೊಟ್ರಯ್ಯನ ಡಬ್ಬಿಯ ಧಾರವಾಡದ ಪೇಢೆ,
ಮಗಳು ಪಾಸಾದದ್ದಕ್ಕ ಅವರು ನಮಗಂತ ತಂದದ್ದು.
ನನ್ನ ಬಾಯಾಗ ಅದು ಮರಳು.
ತುಪ್ಪದಾಗ ನೆನಸಿದ ಮರಳು.
ಐದು ವರ್ಷದಿಂದ ಸಿಹಿ ಮುಟ್ಟದ ಕೊಟ್ರಯ್ಯ
ಒಂದು ತಿಂದರು, ಮತ್ತೊಂದು ತಿಂದರು:
"ಸಿಹಿನಽ ಇಲ್ಲಂದಮ್ಯಾಲೆ ಪಥ್ಯ ಎಲ್ಲಿ ಮುರೀತು?"
ಜುಬೇದಾ ಡಬ್ಬಿ ಕಸಗೊಂಡು ತನ್ನ ಚೀಲದಾಗ ಇಟ್ಟಳು.

ಮಂಜು ಸರಿದಾಗ ಒಂದು ರೆಕ್ಕಿ ಕಂಡಿತು, ಮತ್ತ ಹೋತು.
"ಗುಡ್ಡದಾಗ ಎಷ್ಟು ನಮೂನಿ ಗಿಡ ಅದಾವ?" ಅಂತ ಯಾರೋ.
"ಎಣಿಸಾಕ ಬಂದವರು ಎಣಿಸ್ಯಾರ್ರಿ.
ನಾ ಬ್ಯಾಸಿಗ್ಯಾಗ ಬೆಂಕಿ ಕಾಯತೀನಿ."

ಇಳಿಯುವಾಗ ಬೋರ್ಡಿನ ಹತ್ತಿರ ತಡದೆ.
ಜಿಟಿಮಳಿಗೆ ನನ್ನ ಶಾಯಿ ಇಳದು
ಧಕಾರ ಮತ್ತ ದಕಾರ ಆಗಲಿಕ್ಕೆ ಹತ್ತಿತ್ತು.
ಸೊಗದಿ ತನ್ನ ಪಾಡಿಗೆ ತಾನು
ಬೋರ್ಡಿನ ಕಾಲಿಗೆ ಸುತ್ತಕೋತ ಏರಿತ್ತು.

ಸೋಮವಾರ. ಮೇಜಿನ ಮ್ಯಾಲೆ ಒಂದು ಲಗ್ನಪತ್ರಿಕಿ.
ಒತ್ತು, ದೀರ್ಘ, ತಾರೀಖು, ಎಲ್ಲಾ ಪಸಂದ.
ಸಹಿ ಹಾಕೂದು ಬಿಟ್ಟು ಬೆಟಗೇರಿಗೆ ಫೋನ್ ಹಚ್ಚಿದೆ:
"ಹುಡುಗಿ ಹೆಸರು ಒಮ್ಮೆ ನೀವಽ ಬಾಯಿಲೆ ಹೇಳ್ರಿ."
ಆ ಕಡೆ ಮಗ್ಗದ ಸಪ್ಪಳ, ಒಂದು ಗಳಿಗಿ.
"ಯಾಕ್ರಿ, ತಪ್ಪಾಗೇತೇನು?"
"ಇಲ್ರಿ," ಅಂದೆ. "ಅಕ್ಷರ ಸರಿ ಅದಾವ."